ಗುಂಡಿ

ಫಹಾಹೀಲಿನ ಟೈಪಿಂಗ್ ಸೆಂಟರಿನ ಹಿಂಗೋಣೆಯಲ್ಲಿ
ಜೆರಾಕ್ಸ್ ಕಾಗದದ ಕಟ್ಟುಗಳ ಮೇಲೆ
ಟಿಫಿನ್ ಡಬ್ಬಿಯಷ್ಟೇ ದೊಡ್ಡದೊಂದು ಪೆಟ್ಟಿಗೆ
ಹಸಿರು ಕಣ್ಣು ಮಿಟುಕಿಸುತ್ತ ಬಿಸಿಯಾಗುತ್ತದೆ.
ಅದರೊಳಗೆ ಮುನ್ನೂರ ಹನ್ನೊಂದು ಜನ.

ಹೂಡಿದವನು ಭಟ್ಕಳದ ಮಿಸ್ಬಾ.
'ಬಂದರು' ಅಂತ ಹೆಸರಿಟ್ಟ.
"ಇಲ್ಲಿ ಕಂಪನಿ ಇಲ್ಲ, ಮಾಲೀಕನಿಲ್ಲ,
ಲೋಕದ ತುಂಬ ಇಂಥವೇ ಸಣ್ಣ ಸಣ್ಣ ಬಂದರು,
ಮಾತು ಮಚ್ವೆಯ ಹಾಗೆ ಹೋಗಿ ಬರುತ್ತದೆ" ಅಂದ.
ದೋಹಾದಲ್ಲಿ ಕೆಲಸ ಸಿಕ್ಕಿ ಹೊರಡುವಾಗ
ಶವರ್ಮಾ ಸುತ್ತಿದ ಕಾಗದದ ಮೇಲೆ
ಪಾಸ್‌ವರ್ಡ್ ಬರೆದುಕೊಟ್ಟ.
ಮಾಲೀಕನಿಲ್ಲದ ಜಾಗಕ್ಕೆ
ಹೀಗೆ ನಾನು ಕಸ ಗುಡಿಸುವವನಾದೆ.

ಹಗಲಿಡೀ ನನ್ನದು ಇನ್ನೊಬ್ಬರ ಗೋಳನ್ನು ಅರಬ್ಬಿಗೆ ಇಳಿಸುವ ಕೆಲಸ.
'ಹೊಡೆದ' ಅಂದವರಿಗೆ 'ಅನುಚಿತವಾಗಿ ವರ್ತಿಸಿದರು',
'ಮೋಸ' ಅಂದವರಿಗೆ 'ವಿಳಂಬ'.
ಪುಟಕ್ಕೆ ಒಂದೂವರೆ ದಿನಾರು.
ಮಾತಿನ ಮುಳ್ಳು ತೆಗೆದು ಬಡಿಸುವುದು
ನನಗೇನು ಹೊಸದಲ್ಲ.

ಮೊದಮೊದಲು ಸುಲಭವಿತ್ತು.
ವೀಸಾ ಮಾರುವ ಕಳ್ಳ ಏಜೆಂಟನನ್ನು ಅಳಿಸಿದೆ.
ಕ್ರಿಕೆಟ್ ಸೋತ ರಾತ್ರಿ ತಾಯಂದಿರ ಮೇಲೆ ಹೋದವರನ್ನು ಅಳಿಸಿದೆ.
ಸೆವ್ರಿನ್ ಮಥಾಯಸ್ ಎಂಬ ನರ್ಸಿನ ಮುಖವನ್ನು
ಯಾರದೋ ಮೈಗೆ ಅಂಟಿಸಿ ಹಾಕಿದ್ದರು.
ಅದನ್ನು ಅಳಿಸುವಾಗ ಕೈ ನಡುಗಿತು,
ಅನುಮಾನದಿಂದಲ್ಲ.

ಆಮೇಲೆ ಅಶ್ವತ್ಥಮ್ಮ ಬಂದಳು.
ಚಿಂತಾಮಣಿ ಕಡೆಯವಳು, ಮನೆಗೆಲಸ.
ಅಡುಗೆಮನೆಯ ಪಕ್ಕದ ಗೂಡಿನಲ್ಲಿ ಕೂತು
ಕಾಗುಣಿತ ತಪ್ಪಿ ತಪ್ಪಿ ಬರೆದಿದ್ದಳು:
ಏಳು ತಿಂಗ್ಳು. ಸಂಬ್ಳ ಇಲ್ಲ. ಪಾಸ್ಪೋಟು ಅವ್ರ ಬೀರೂಲಿ.
ಮನೆಯೊಡೆಯನ ಹೆಸರು. ಓಣಿಯ ನಂಬರು. ಗೇಟಿನ ಬಣ್ಣ.
ಒಂದು ಅಕ್ಷರವನ್ನೂ ಮೆದು ಮಾಡಿರಲಿಲ್ಲ.

ರಾತ್ರಿ ಎರಡು. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಅಹ್ಮದಿಯ ಕಡೆ ಎಣ್ಣೆಯ ಬೆಂಕಿ, ದೂಳಿನಲ್ಲೊಂದು ಕೆಂಪು ಕಲೆ.
ನನ್ನ ಅಕಾಮಾ ಮುಗಿಯಲು ಹನ್ನೆರಡು ದಿನ.
ಯಾರೂ ಫೋನು ಮಾಡಲಿಲ್ಲ. ಬಾಗಿಲು ಬಡಿಯಲಿಲ್ಲ.
ಇದನ್ನೇ ನಿಮಗೆ ಹೇಳಬೇಕಿತ್ತು: ಯಾರೂ ಬರಲಿಲ್ಲ.
ಕಾರಣದ ಜಾಗದಲ್ಲಿ ನಾನೇ ತುಂಬಿದೆ: 'ಖಾಸಗಿ ವಿವರ'.
ಸುಳ್ಳೂ ಅಲ್ಲ. ನಿಯಮ ನಾಲ್ಕು. ನಾನೇ ಬರೆದದ್ದು,
ಸೆವ್ರಿನಳಿಗಾಗಿ.

ಕನ್ನಡದಲ್ಲಿ ಗುಂಡಿ ಅಂದರೆ
ಒತ್ತುವಂಥದ್ದೂ ಹೌದು, ಹೂಳುವಂಥದ್ದೂ ಹೌದು.
ಒತ್ತಿದೆ.

ಮಚ್ವೆ ಆಗಲೇ ಹೊರಟಾಗಿತ್ತು.
ಮೂರನೇ ದಿನ ಯಾವುದೋ ಹಿಮದ ದೇಶದ ಬಂದರಿನಲ್ಲಿ
ಅವಳ ಸಂಬ್ಳ, ಅವಳ ಪಾಸ್ಪೋಟು,
ಅದೇ ತಪ್ಪು ಕಾಗುಣಿತ, ಗೇಟಿನ ಹಸಿರು ಸಮೇತ ನಿಂತಿತ್ತು.
ಕನ್ನಡ ಬಾರದ ನಲವತ್ತು ಮಂದಿ
ಯಂತ್ರದ ಕೈಲಿ ಓದಿಸಿಕೊಂಡು ಮುಂದಕ್ಕೆ ದಾಟಿಸಿದ್ದರು.
ಹೋದ ಉಸಿರು ಬಂತು ನನಗೆ. ನಾಚಿಕೆಯೂ.

ಮರುಗಳಿಗೆ ಹೊಳೆಯಿತು: ಹಾಗಾದರೆ ಸೆವ್ರಿನಳದ್ದೂ.
ಹುಡುಕಿದೆ. ಇತ್ತು.
ಅದು ಬೇರೊಂದು ಬಂದರು. ಪತ್ರ ಬರೆದರೆ ಉತ್ತರವಿಲ್ಲ.
'ನಾವು ಯಾರ ಬಾಯನ್ನೂ ಕಟ್ಟುವುದಿಲ್ಲ' ಎಂದು
ಹೊಸ್ತಿಲಲ್ಲೇ ಬರೆದುಕೊಂಡಿದ್ದಾರೆ.

ಅಶ್ವತ್ಥಮ್ಮನ ಖಾತೆ ಅಂದಿನಿಂದ ಮೌನ.
ಎಂಬೆಸಿಗೆ ಓಡಿದಳೋ, ಫೋನು ಕಿತ್ತುಕೊಂಡರೋ,
ನನ್ನ ಮೇಲೆ ಉಗಿದು ಬೇರೆ ಬಂದರಿಗೆ ಹೋದಳೋ,
ಪೆಟ್ಟಿಗೆ ಹೇಳುವುದಿಲ್ಲ.

ಮಿಸ್ಬಾನಿಗೆ ಫೋನು ಮಾಡಿದೆ:
ಮಾಲೀಕನಿಲ್ಲ ಅಂದಿದ್ದೆಯಲ್ಲ ಮಾರಾಯ?
"ಕರೆಂಟು ಬಿಲ್ಲು ಯಾರು ಕಟ್ಟೋದು?"
ನಾನು.
"ಮತ್ತೆ?" ಅಂದ. ನಕ್ಕ.

ನಿಯಮ ನಾಲ್ಕನ್ನು ತಿದ್ದಲು ಕೂತಿದ್ದೇನೆ.
ಒಂದು ಸಾಲು ಸೇರಿಸಿದರೆ ಅಶ್ವತ್ಥಮ್ಮ ಬಾಗಿಲಲ್ಲಿ,
ತೆಗೆದರೆ ಸೆವ್ರಿನ್.
ಬಕೆಟ್ಟು ತುಂಬಿದೆ.
ಚೆಲ್ಲಿ ಬರಬೇಕು.